ಕಾರಿನ ಬಣ್ಣಕ್ಕೆ ಪಾಲಿಶ್ ಮತ್ತು ವ್ಯಾಕ್ಸ್ ಆರಿಸುವ ಬಗೆ

ಕಾರಿನ ಆರೈಕೆಯ ಸಾಮಗ್ರಿಗಳನ್ನು ಜೋಡಿಸಿಟ್ಟ ಕಪಾಟಿನ ಮುಂದೆ ಮೊದಲ ಸಲ ನಿಂತವರಿಗೆ ಎಲ್ಲ ಡಬ್ಬಿಗಳೂ ಒಂದೇ ಮಾತು ಹೇಳುತ್ತಿರುವಂತೆ ಕಾಣುತ್ತದೆ. ರಬ್ಬಿಂಗ್ ಕಾಂಪೌಂಡ್, ಪಾಲಿಶ್, ಗ್ಲೇಜ್, ಕ್ಲೀನರ್ ವ್ಯಾಕ್ಸ್, ಸೀಲೆಂಟ್, ಸೆರಾಮಿಕ್ ಸ್ಪ್ರೇ, ಹೀಗೆ ಹೆಸರು ಯಾವುದೇ ಇರಲಿ, ಮೇಲಿನ ಚೀಟಿಯಲ್ಲಿ ಕನ್ನಡಿಯಂತಹ ಹೊಳಪಿನ ಭರವಸೆ ಇದ್ದೇ ಇರುತ್ತದೆ. ಆದರೆ ಒಳಗಿರುವ ಪದಾರ್ಥಗಳ ಕೆಲಸ ಒಂದಕ್ಕೊಂದು ತದ್ವಿರುದ್ಧ. ಪಾಲಿಶ್ ಎಂಬುದು ಬಣ್ಣದ ಮೇಲ್ಮೈಯನ್ನು ಅತಿ ಸಣ್ಣ ಪ್ರಮಾಣದಲ್ಲಿ ಸವೆಸಿ ನಯಗೊಳಿಸುವ ವಸ್ತು. ವ್ಯಾಕ್ಸ್ ಎಂಬುದು ಆ ಮೇಲ್ಮೈಯ ಮೇಲೆ ತೆಳ್ಳನೆಯ ಹೊದಿಕೆಯಾಗಿ ಕೂರುವ ವಸ್ತು. ಒಂದು ತೆಗೆಯುತ್ತದೆ, ಇನ್ನೊಂದು ಸೇರಿಸುತ್ತದೆ. ಗೀರಿಗೆ ವ್ಯಾಕ್ಸ್ ಹಚ್ಚಿ ಅದು ಹೋಗಲಿಲ್ಲವೆಂದು ಬೇಸರಪಡುವವರೂ, ಚೆನ್ನಾಗಿಯೇ ಇರುವ ಬಣ್ಣಕ್ಕೆ ತಿಂಗಳಿಗೊಮ್ಮೆ ಪಾಲಿಶ್ ತಿಕ್ಕಿ ಅದನ್ನು ತೆಳುವಾಗಿಸುತ್ತಿರುವವರೂ ಈ ವ್ಯತ್ಯಾಸವನ್ನು ಗಮನಿಸದವರೇ.

ತೆಗೆಯುವುದಕ್ಕೆ ಅಲ್ಲಿ ಇರುವುದೆಷ್ಟು ಎಂಬುದು ಮೊದಲು ತಿಳಿದಿರಬೇಕು. ಈಗಿನ ಬಹುತೇಕ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಒಂದು ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ ಕೊಡುವ ಬೇಸ್ ಕೋಟ್, ಎಲ್ಲಕ್ಕೂ ಮೇಲೆ ತನ್ನದೇ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ. ಇವೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು 35ರಿಂದ 50 ಮೈಕ್ರಾನ್ ಮಾತ್ರ. ತಲೆಗೂದಲಿನ ಒಂದು ಎಳೆಯೇ ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ. ಪಾಲಿಶ್ ಮಾಡುವಾಗ ನಾವು ತಿಕ್ಕುವುದು ಈ ಪಾರದರ್ಶಕ ಪದರವನ್ನೇ, ಬಿಸಿಲಿನ ನೇರಳಾತೀತ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವುದೂ ಅದೇ, ಮತ್ತು ಒಮ್ಮೆ ಸವೆದದ್ದು ಯಾವ ಡಬ್ಬಿಯಿಂದಲೂ ಮರಳಿ ಬರುವುದಿಲ್ಲ. ಆದ್ದರಿಂದ ಕೆಳಗಿನ ಎಲ್ಲ ಹಂತಗಳಿಗೂ ಆಧಾರವಾದ ನಿಯಮ ಒಂದೇ: ಕೆಲಸ ನಡೆಯುವಷ್ಟಕ್ಕಿಂತ ಒರಟಾದ ವಸ್ತುವನ್ನು ಕೈಗೆತ್ತಿಕೊಳ್ಳಬಾರದು.

ಹಳೆಯ ಕಾರುಗಳಲ್ಲಿ ಕ್ಲಿಯರ್ ಕೋಟ್ ಇಲ್ಲದೆ ಬಣ್ಣದ ಪದರವೇ ಕೊನೆಯದಾಗಿರುವುದುಂಟು. ಇದನ್ನು ತಿಳಿಯಲು ಬಿಳಿ ಬಟ್ಟೆಗೆ ಒಂದು ಹನಿ ಪಾಲಿಶ್ ಹಾಕಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಮೆಲ್ಲಗೆ ತಿಕ್ಕಿ ನೋಡಬೇಕು. ಕಾರಿನ ಬಣ್ಣ ಬಟ್ಟೆಗೆ ಹತ್ತಿದರೆ ಅದು ಹಳೆಯ ಬಗೆಯ ಪೇಂಟ್, ಅಲ್ಲಿ ಬಣ್ಣ ಹತ್ತುವುದು ಸಹಜ. ಕ್ಲಿಯರ್ ಕೋಟ್ ಇದೆಯೆಂದು ಖಚಿತವಾಗಿ ತಿಳಿದಿರುವ ಕಾರಿನಲ್ಲಿ ಬಟ್ಟೆಗೆ ಬಣ್ಣ ಹತ್ತಿದರೆ ಮಾತ್ರ ಆ ಪದರ ಮುಗಿದುಹೋಗಿದೆ ಎಂದರ್ಥ, ಕೈಯನ್ನು ಆ ಕ್ಷಣವೇ ಹಿಂದೆಗೆಯಬೇಕು.

ಮೊದಲ ಹಂತ: ತೊಳೆದು, ಬೆಳಕಿನಲ್ಲಿ ನೋಡುವುದು

ಧೂಳು ಕುಳಿತ ಕಾರಿಗೆ ಏನು ಬೇಕೆಂದು ನಿರ್ಧರಿಸಲು ಸಾಧ್ಯವಿಲ್ಲ. ಕಾರ್ ಶಾಂಪೂವಿನಿಂದ ಚೆನ್ನಾಗಿ ತೊಳೆದು, ಒರೆಸಿ, ನೆರಳಿನಲ್ಲಿ ನಿಲ್ಲಿಸಿ, ಸಣ್ಣ ಟಾರ್ಚನ್ನು ಬಾನೆಟ್ಟಿನಿಂದ ಒಂದು ಮೊಳ ದೂರದಲ್ಲಿ ಹಿಡಿದು ಓರೆಯಾಗಿ ಬೆಳಕು ಬಿಡಬೇಕು. ಬೆಳಕಿನ ಬಿಂದುವಿನ ಸುತ್ತ ಜೇಡರ ಬಲೆಯಂತೆ ವೃತ್ತಾಕಾರದ ಸಣ್ಣ ಗೆರೆಗಳು ಕಂಡರೆ ಅವು ಒರೆಸುವಾಗ ಬಿದ್ದ ಗೀರುಗಳು, ಸಾಮಾನ್ಯವಾಗಿ ಸ್ವರ್ಲ್ ಮಾರ್ಕ್ ಎನ್ನುವುದು ಇವನ್ನೇ. ಟಾರ್ಚನ್ನು ಅತ್ತಿತ್ತ ಸರಿಸಿದಂತೆ ಆ ಬಲೆಯೂ ಬೆಳಕಿನ ಜೊತೆಗೇ ಸರಿಯುತ್ತದೆ; ಗೀರುಗಳು ಎಲ್ಲ ದಿಕ್ಕಿನಲ್ಲೂ ಇದ್ದು, ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಹೊಳೆಯುವುದರಿಂದ ಅವು ಸುತ್ತು ಹಾಕಿದಂತೆ ಕಾಣುತ್ತವೆ. ಕಪ್ಪು, ಕಡುನೀಲಿ ಬಣ್ಣಗಳಲ್ಲಿ ಇವು ಎದ್ದು ಕಾಣುತ್ತವೆ, ಬಿಳಿ ಮತ್ತು ಬೆಳ್ಳಿ ಬಣ್ಣಗಳಲ್ಲಿ ಹುಡುಕಿದರೂ ಕಾಣಲಾರವು. ಬಿಳಿ ಕಾರಿನವರು ಪಾಲಿಶ್‌ಗಾಗಿ ಅವಸರಪಡಬೇಕಾಗಿಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೇ.

ಒಂಟಿ ಗೀರೊಂದು ಕಂಡರೆ ಅದಕ್ಕೆ ಅಡ್ಡಲಾಗಿ ಉಗುರನ್ನು ಎಳೆದು ನೋಡಬೇಕು. ಉಗುರು ಸಿಕ್ಕಿಕೊಳ್ಳದೆ ಜಾರಿದರೆ ಗೀರು ಪಾಲಿಶ್‌ನ ವ್ಯಾಪ್ತಿಯಲ್ಲಿದೆ. ಉಗುರು ತಡೆದು ನಿಂತರೆ ಅದು ಆಳಕ್ಕೆ ಇಳಿದಿದೆ. ಅದನ್ನು ಪೂರ್ತಿ ಅಳಿಸಲು ಸುತ್ತಲಿನ ಕ್ಲಿಯರ್ ಕೋಟನ್ನೆಲ್ಲ ಅಷ್ಟೇ ಆಳಕ್ಕೆ ತೆಗೆಯಬೇಕಾಗುತ್ತದೆ. ಅಂತಹ ಗೀರಿನ ಅಂಚುಗಳನ್ನು ಪಾಲಿಶ್‌ನಿಂದ ನಯಗೊಳಿಸಿ ಕಣ್ಣಿಗೆ ಕಡಿಮೆ ಕಾಣುವಂತೆ ಮಾಡಬಹುದು, ಇಲ್ಲವೇ ಟಚ್‌ಅಪ್ ಪೇಂಟ್ ತುಂಬಬಹುದು. ರೂಫ್ ಅಥವಾ ಬಾನೆಟ್ಟಿನ ಮೇಲೆ ಕ್ಲಿಯರ್ ಕೋಟ್ ಬಿಳಿಚಿಕೊಂಡು ಸಿಪ್ಪೆಯಂತೆ ಏಳುತ್ತಿದ್ದರೆ ಅದಕ್ಕೆ ಯಾವ ಪಾಲಿಶ್ ಹಾಗೂ ಯಾವ ವ್ಯಾಕ್ಸೂ ಪರಿಹಾರವಲ್ಲ, ಆ ಭಾಗಕ್ಕೆ ಹೊಸದಾಗಿ ಪೇಂಟ್ ಮಾಡಿಸಬೇಕು.

ನೀರಿನ ಕಲೆಗಳನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು. ಗಡಸು ನೀರು ಆರಿದಾಗ ಉಳಿಯುವ ಕ್ಯಾಲ್ಸಿಯಂ ಮುಂತಾದ ಲವಣಗಳು ಹೊಸದಾಗಿದ್ದರೆ, ನೀರು ಬೆರೆಸಿದ ವಿನೆಗರ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯನ್ನು ಒಂದೆರಡು ನಿಮಿಷ ಇಟ್ಟು, ಒರೆಸಿ, ತೊಳೆದರೆ ಹೋಗುತ್ತವೆ. ತೊಳೆದ ಮೇಲೂ ಉಂಗುರದ ಗುರುತು ಉಳಿದರೆ ಅದು ಕ್ಲಿಯರ್ ಕೋಟನ್ನು ಕೊರೆದಿದೆ. ಬಹುದಿನ ಬಿಟ್ಟ ಹಕ್ಕಿಯ ಹಿಕ್ಕೆಯಿಂದ ಆಗುವುದೂ ಇದೇ. ಕೊರೆದ ಗುರುತಿಗೆ ಪಾಲಿಶ್ ಬೇಕು.

ಎರಡನೆಯ ಹಂತ: ಬೆರಳಿನಿಂದ ಪರೀಕ್ಷಿಸುವುದು

ಕಣ್ಣಿನ ನಂತರ ಕೈ. ತೊಳೆದು ಒಣಗಿಸಿದ ಬಾನೆಟ್ಟಿನ ಮೇಲೆ, ತೆಳ್ಳನೆಯ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬೆರಳ ತುದಿಗಳನ್ನು ಹಗುರವಾಗಿ ಸರಿಸಬೇಕು. ಬರಿಗೈಗೆ ನಯವೆನಿಸಿದ ಮೇಲ್ಮೈ ಚೀಲದೊಳಗಿನ ಬೆರಳಿಗೆ ಮರಳು ಕಾಗದದಂತೆ ತರಿತರಿಯಾಗಿ ತಗಲುವುದುಂಟು. ಬ್ರೇಕ್ ಪ್ಯಾಡುಗಳಿಂದ ಹಾರಿದ ಕಬ್ಬಿಣದ ಕಣಗಳು, ಡಾಂಬರಿನ ಚುಕ್ಕೆಗಳು, ಮರದ ಅಂಟು ಮುಂತಾದವು ಶಾಂಪೂವಿಗೆ ಬಗ್ಗದೆ ಅಂಟಿಕೊಂಡಿರುವುದರ ಲಕ್ಷಣ ಇದು. ಇವುಗಳ ಮೇಲೆ ಪಾಲಿಶ್ ತಿಕ್ಕಿದರೆ ಕಿತ್ತುಬಂದ ಕಣಗಳು ಪ್ಯಾಡಿಗೆ ಸಿಕ್ಕಿ ಹೊಸ ಗೀರುಗಳನ್ನು ಎಳೆಯುತ್ತವೆ. ವ್ಯಾಕ್ಸ್ ಹಚ್ಚಿದರೆ ಅದು ಬಣ್ಣಕ್ಕೆ ಹತ್ತದೆ ಕೊಳೆಗೆ ಹತ್ತುತ್ತದೆ.

ಕಬ್ಬಿಣದ ಕಣಗಳಿಗೆ ಐರನ್ ರಿಮೂವರ್ ಎಂಬ ದ್ರವ ಸಿಗುತ್ತದೆ. ಸಿಂಪಡಿಸಿದ ಸ್ವಲ್ಪ ಹೊತ್ತಿನಲ್ಲೇ ಕಣವಿದ್ದಲ್ಲೆಲ್ಲ ನೇರಳೆ ಬಣ್ಣ ಸೋರತೊಡಗುತ್ತದೆ, ಅದು ಆರುವ ಮುನ್ನ ತೊಳೆದುಬಿಡಬೇಕು. ಉಳಿದದ್ದಕ್ಕೆ ಕ್ಲೇ ಬಾರ್. ಈ ಜೇಡಿಯಂತಹ ಉಂಡೆಯನ್ನು ಅಂಗೈಯಗಲ ಚಪ್ಪಟೆ ಮಾಡಿಕೊಂಡು, ಜಾರುವ ದ್ರವವನ್ನು ಧಾರಾಳವಾಗಿ ಸಿಂಪಡಿಸಿ, ಒತ್ತಡವಿಲ್ಲದೆ ಹಿಂದೆ ಮುಂದೆ ಸರಿಸಬೇಕು. ಆರಂಭದಲ್ಲಿ ಗರಗರ ಎನ್ನುವ ಸದ್ದು ಕೆಲವು ಸುತ್ತಿನಲ್ಲಿ ನಿಂತು ಉಂಡೆ ಸಲೀಸಾಗಿ ಜಾರುತ್ತದೆ. ಕೈತಪ್ಪಿ ನೆಲಕ್ಕೆ ಬಿದ್ದ ಕ್ಲೇಯನ್ನು ಎಸೆಯುವುದೇ ಸರಿ, ಏಕೆಂದರೆ ಅದರೊಳಗೆ ಹೊಕ್ಕ ಮರಳನ್ನು ಯಾರೂ ಆಯ್ದು ತೆಗೆಯಲಾರರು. ಕ್ಲೇ ಸ್ವತಃ ಬಹಳ ಸಣ್ಣ ಗೀರುಗಳನ್ನು ಬಿಡಬಹುದಾದ್ದರಿಂದ ಪಾಲಿಶ್‌ಗೆ ಮುಂಚೆ ಇದನ್ನು ಮಾಡುವುದು ವಾಡಿಕೆ.

ಮೂರನೆಯ ಹಂತ: ಪಾಲಿಶ್ ಆರಿಸುವುದು

ಸವೆಸುವ ವಸ್ತುಗಳಲ್ಲಿ ರಬ್ಬಿಂಗ್ ಕಾಂಪೌಂಡ್ ಅತ್ಯಂತ ಒರಟು. ಮರಳು ಕಾಗದದ ಗುರುತುಗಳನ್ನೂ ಗಾಢವಾದ ಗೀರುಗಳನ್ನೂ ತೆಗೆಯಲೆಂದೇ ಅದು ಇರುವುದು, ಮತ್ತು ಅದು ತಾನೇ ಮಂಜಿನಂತಹ ಮಸುಕನ್ನು ಬಿಟ್ಟುಹೋಗುವುದರಿಂದ ಅದರ ಹಿಂದೆಯೇ ನಯವಾದ ಪಾಲಿಶ್ ಬರಲೇಬೇಕು. ನಡುವಿನದು ಸಾಧಾರಣ ಪಾಲಿಶ್, ಸ್ವರ್ಲ್ ಮಾರ್ಕ್ ಮತ್ತು ನೀರಿನ ಗುರುತುಗಳಿಗೆ ಬಹುತೇಕ ಇದೇ ಸಾಕು. ಎಲ್ಲಕ್ಕಿಂತ ನಯವಾದದ್ದು ಫಿನಿಶಿಂಗ್ ಪಾಲಿಶ್, ಅದು ಗೀರನ್ನು ತೆಗೆಯುವುದಕ್ಕಿಂತ ಹೊಳಪನ್ನು ತೀಡುವುದಕ್ಕೆ ಹೆಚ್ಚು ಉಪಯುಕ್ತ. ಹಳೆಯ ಬಗೆಯ ಪಾಲಿಶ್‌ಗಳಲ್ಲಿ ಸವೆಸುವ ಕಣಗಳು ತಿಕ್ಕುತ್ತಾ ಹೋದಂತೆ ಒಡೆದು ಸಣ್ಣವಾಗುತ್ತಿದ್ದವು, ಆದ್ದರಿಂದ ಪೂರ್ತಿ ತಿಕ್ಕಿ ಮುಗಿಸದೆ ನಡುವೆ ಬಿಟ್ಟರೆ ಗುರುತು ಉಳಿಯುತ್ತಿತ್ತು. ಈಗ ಒಡೆಯದೆ ಒಂದೇ ಗಾತ್ರದಲ್ಲಿ ಉಳಿಯುವ ಅತಿ ಸೂಕ್ಷ್ಮ ಅಲ್ಯೂಮಿನಿಯಂ ಆಕ್ಸೈಡ್ ಕಣಗಳ ಪಾಲಿಶ್‌ಗಳೂ ಇವೆ. ಯಾವುದು ಯಾವ ಬಗೆಯದು ಎಂಬುದನ್ನು ತಯಾರಕರ ಸೂಚನೆಯಲ್ಲಿ ಓದಿಕೊಂಡೇ ತಿಕ್ಕುವ ಅವಧಿಯನ್ನು ನಿರ್ಧರಿಸಬೇಕು.

ಇಲ್ಲಿ ಎರಡು ಹೆಸರುಗಳು ಜನರನ್ನು ದಾರಿ ತಪ್ಪಿಸುತ್ತವೆ. ಗ್ಲೇಜ್ ಎಂಬುದು ಎಣ್ಣೆ ಮತ್ತು ತುಂಬುವ ಪದಾರ್ಥಗಳಿಂದ ಸಣ್ಣ ಗೀರುಗಳನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ; ಹಚ್ಚಿದ ದಿನ ಕಾರು ಮದುವಣಗಿತ್ತಿಯಂತೆ ಕಂಡು, ನಾಲ್ಕಾರು ಸಲ ತೊಳೆಯುವುದರೊಳಗೆ ಹಳೆಯ ಗೀರುಗಳು ಮತ್ತೆ ಮುಖ ತೋರಿಸುತ್ತವೆ. ಕ್ಲೀನರ್ ವ್ಯಾಕ್ಸ್ ಅಥವಾ ಆಲ್ ಇನ್ ಒನ್ ಎಂಬುದು ಹಗುರವಾದ ಪಾಲಿಶ್ ಮತ್ತು ವ್ಯಾಕ್ಸ್ ಎರಡನ್ನೂ ಒಂದೇ ಬಾಟಲಿಯಲ್ಲಿ ಬೆರೆಸಿದ್ದು. ಎರಡೂ ಕೆಲಸ ಅರ್ಧರ್ಧ ಆಗುತ್ತದೆ ಎಂಬ ಆಕ್ಷೇಪ ನಿಜವೇ ಆದರೂ, ದಿನನಿತ್ಯ ಓಡುವ, ಬಿಳಿ ಅಥವಾ ಬೆಳ್ಳಿ ಬಣ್ಣದ, ಸಾಧಾರಣ ಸ್ಥಿತಿಯ ಕಾರಿಗೆ ವರ್ಷಕ್ಕೊಮ್ಮೆ ಒಂದು ಮಧ್ಯಾಹ್ನ ಮಾತ್ರ ಮೀಸಲಿಡಬಲ್ಲವರಿಗೆ ನಾನು ಇದನ್ನೇ ಸೂಚಿಸುತ್ತೇನೆ.

ಪಾಲಿಶ್‌ನಷ್ಟೇ ಮುಖ್ಯವಾದದ್ದು ಅದನ್ನು ಹಿಡಿದ ಪ್ಯಾಡ್. ಅದೇ ಪಾಲಿಶ್ ಉಣ್ಣೆಯ ಪ್ಯಾಡಿನಲ್ಲಿ ಒರಟಾಗಿಯೂ ಮೃದು ಫೋಮ್ ಪ್ಯಾಡಿನಲ್ಲಿ ನಯವಾಗಿಯೂ ಕೆಲಸ ಮಾಡುತ್ತದೆ. ಕೈಯಿಂದ ತಿಕ್ಕಿದರೆ ಸಣ್ಣ ಜಾಗಗಳನ್ನು ಸರಿಪಡಿಸಬಹುದು, ಇಡೀ ಕಾರಿನ ಸ್ವರ್ಲ್ ಮಾರ್ಕ್ ತೆಗೆಯುವುದು ಕಷ್ಟ. ಯಂತ್ರ ಕೊಳ್ಳುವುದಾದರೆ ಕಲಿಯುವವರಿಗೆ ಡ್ಯುಯಲ್ ಆಕ್ಷನ್ ಪಾಲಿಶರ್ ಕ್ಷೇಮ. ಅದು ಸುತ್ತುವುದರ ಜೊತೆಗೆ ಅತ್ತಿತ್ತ ಅಲುಗಾಡುವುದರಿಂದ ಒಂದೇ ಕಡೆ ಬಿಸಿ ಕಟ್ಟುವುದಿಲ್ಲ. ರೋಟರಿ ಯಂತ್ರ ಒಂದೇ ಅಚ್ಚಿನ ಸುತ್ತ ತಿರುಗುವಂಥದು, ಅನುಭವವಿಲ್ಲದ ಕೈಯಲ್ಲಿ ಅದು ಬಣ್ಣವನ್ನು ಸುಡುತ್ತದೆ.

ನಾಲ್ಕನೆಯ ಹಂತ: ಒಂದು ಚೌಕದಲ್ಲಿ ಪ್ರಯೋಗ

ಯಾವ ಪಾಲಿಶ್ ಬೇಕೆಂಬುದನ್ನು ಕೊನೆಗೆ ಹೇಳುವುದು ಕಾರೇ. ಬಾನೆಟ್ಟಿನ ಮೇಲೆ ಸುಮಾರು 45 ಸೆಂಟಿಮೀಟರ್ ಉದ್ದಗಲದ ಚೌಕವೊಂದನ್ನು ಮಾಸ್ಕಿಂಗ್ ಟೇಪಿನಿಂದ ಗುರುತಿಸಿಕೊಳ್ಳಬೇಕು. ಲಭ್ಯವಿರುವುದರಲ್ಲಿ ಅತ್ಯಂತ ನಯವಾದ ಪಾಲಿಶನ್ನು ಮೃದುವಾದ ಪ್ಯಾಡಿಗೆ ಕಡಲೆಕಾಳಿನ ಗಾತ್ರದ ನಾಲ್ಕೈದು ಹನಿಗಳಷ್ಟು ಹಾಕಿ, ಯಂತ್ರ ಚಾಲೂ ಮಾಡುವ ಮೊದಲೇ ಪ್ಯಾಡನ್ನು ಒತ್ತಿ ಒತ್ತಿ ಪಾಲಿಶನ್ನು ಚೌಕದ ತುಂಬ ಹರಡಬೇಕು. ಇಲ್ಲದಿದ್ದರೆ ಅದು ಗಾಜಿನಿಂದ ಗೋಡೆಯವರೆಗೆ ಸಿಡಿಯುತ್ತದೆ. ಆಮೇಲೆ ಉದ್ದಕ್ಕೆ ಒಂದು ಸುತ್ತು, ಅಡ್ಡಕ್ಕೆ ಒಂದು ಸುತ್ತು, ಪ್ರತಿ ಸಾಲೂ ಹಿಂದಿನದನ್ನು ಅರ್ಧದಷ್ಟು ಮುಚ್ಚುವಂತೆ, ನಿಧಾನವಾಗಿ ನಾಲ್ಕರಿಂದ ಆರು ಸುತ್ತು. ಒರೆಸಿ, ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಆರೇಳು ಪಾಲು ನೀರು ಬೆರೆಸಿದ ದ್ರವದಿಂದ ಮತ್ತೊಮ್ಮೆ ಒರೆಸಿ, ಟಾರ್ಚ್ ಹಿಡಿದು ನೋಡಬೇಕು. ಪಾಲಿಶ್‌ನಲ್ಲಿರುವ ಎಣ್ಣೆ ಗೀರನ್ನು ಮರೆಮಾಡಿರುತ್ತದೆಯಾದ್ದರಿಂದ ಈ ಎರಡನೆಯ ಒರೆಸುವಿಕೆಯನ್ನು ಬಿಟ್ಟರೆ ಕಣ್ಣು ಮೋಸ ಹೋಗುತ್ತದೆ.

ಗೀರುಗಳು ಹೋಗಿದ್ದರೆ ಇಡೀ ಕಾರಿಗೆ ಅದೇ ಜೋಡಿ ಸಾಕು. ಹೋಗಿರದಿದ್ದರೆ ಮೊದಲು ಪ್ಯಾಡನ್ನು ಒಂದು ದರ್ಜೆ ಒರಟಾಗಿಸಿ, ಆಗಲೂ ಆಗದಿದ್ದರೆ ಮಾತ್ರ ಪಾಲಿಶನ್ನು ಬದಲಿಸಬೇಕು. ಬಣ್ಣದ ಗಡಸುತನ ಒಂದು ಕಾರಿನಿಂದ ಇನ್ನೊಂದಕ್ಕೆ ಬಹಳ ವ್ಯತ್ಯಾಸವಾಗುತ್ತದೆ. ಒಂದು ಕಾರಿಗೆ ಮಾಯಾಜಾಲ ಮಾಡಿದ ಬಾಟಲಿ ಇನ್ನೊಂದರ ಮೇಲೆ ಏನೂ ಮಾಡದಿರಬಹುದು. ನೂರಕ್ಕೆ ನೂರು ಗೀರು ತೆಗೆಯುವ ಹಟ ಬೇಡ. ಹತ್ತರಲ್ಲಿ ಏಳೆಂಟು ಹೋದರೆ ಎರಡು ಹೆಜ್ಜೆ ದೂರದಿಂದ ಕಾರು ಹೊಸದರಂತೆಯೇ ಕಾಣುತ್ತದೆ.

ಏಣು ಮತ್ತು ಅಂಚುಗಳ ಬಗ್ಗೆ ಒಂದು ಮಾತು. ಬಾನೆಟ್ಟಿನ ಮೇಲೆ ಹಾಯುವ ಏಣುಗೆರೆ, ಡೋರಿನ ಅಂಚು, ಬಂಪರಿನ ಮೂಲೆ, ಇಲ್ಲೆಲ್ಲ ಪೇಂಟ್ ಸಹಜವಾಗಿಯೇ ತೆಳುವಾಗಿರುತ್ತದೆ ಮತ್ತು ಪ್ಯಾಡಿನ ಒತ್ತಡವೆಲ್ಲ ಒಂದು ಗೆರೆಯ ಮೇಲೆ ಬೀಳುತ್ತದೆ. ನಾನು ಕಲಿಯುತ್ತಿದ್ದ ದಿನಗಳಲ್ಲಿ ಕಡುನೀಲಿ ಕಾರೊಂದರ ಏಣಿನ ಮೇಲೆ ಕಾಂಪೌಂಡ್ ಹಾಕಿದ ಪ್ಯಾಡನ್ನು ಅರೆಕ್ಷಣ ಹೆಚ್ಚು ನಿಲ್ಲಿಸಿದ್ದೆ. ಒರೆಸಿದಾಗ ಬಟ್ಟೆಯ ಮೇಲೆ ನೀಲಿ ಹತ್ತಿತ್ತು, ಏಣಿನ ಮೇಲೆ ಬೆರಳುದ್ದದ ಮಸುಕಾದ ಪಟ್ಟಿ ಮೂಡಿತ್ತು, ಅದು ಇಂದಿಗೂ ಹಾಗೆಯೇ ಇದೆ. ಅಂದಿನಿಂದ ಎಲ್ಲ ಏಣುಗಳಿಗೂ ಮೊದಲೇ ಟೇಪ್ ಅಂಟಿಸಿ, ಕೊನೆಯಲ್ಲಿ ಟೇಪ್ ತೆಗೆದು ಆ ಜಾಗವನ್ನು ಕೈಯಿಂದ ಒಂದೆರಡು ಸಲ ತೀಡುತ್ತೇನೆ.

ಐದನೆಯ ಹಂತ: ವ್ಯಾಕ್ಸ್, ಸೀಲೆಂಟ್ ಅಥವಾ ಕೋಟಿಂಗ್

ಪಾಲಿಶ್ ಮಾಡಿದ ಮೇಲ್ಮೈಗೆ ಹೊದಿಕೆ ಇರುವುದಿಲ್ಲ, ಹಾಗೆಯೇ ಬಿಡಬಾರದು. ಆಯ್ಕೆಗಳು ಸ್ಥೂಲವಾಗಿ ಮೂರು.

ಮೊದಲನೆಯದು ಕಾರ್ನೌಬಾ ವ್ಯಾಕ್ಸ್. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ ಎಲೆಗಳಿಂದ ಬರುವ ಈ ಮೇಣ ನೈಸರ್ಗಿಕ ಮೇಣಗಳಲ್ಲೇ ಅತ್ಯಂತ ಗಟ್ಟಿಯಾದದ್ದೆಂದು ಹೆಸರಾಗಿದೆ. 82ರಿಂದ 86 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗುವುದಿಲ್ಲ. ಶುದ್ಧ ರೂಪದಲ್ಲಿ ಅದು ಹರಡಲಾಗದಷ್ಟು ಗಡಸಾಗಿರುವುದರಿಂದ ಎಣ್ಣೆ, ದ್ರಾವಕ, ಜೇನುಮೇಣ ಮುಂತಾದವನ್ನು ಬೆರೆಸಿಯೇ ಡಬ್ಬಿಗೆ ತುಂಬುತ್ತಾರೆ. ಹಾಗಾಗಿ ‘100% ಕಾರ್ನೌಬಾ’ ಎಂಬ ಬರಹ ಕಂಡರೆ ಡಬ್ಬಿಯಲ್ಲಿರುವುದೆಲ್ಲ ಕಾರ್ನೌಬಾ ಎಂದು ತಿಳಿಯಬಾರದು. ಕೊಡುವ ಹೊಳಪು ಆಳವಾದದ್ದು, ಬೆಚ್ಚಗಿನದು, ಕಡುಬಣ್ಣಗಳಿಗೆ ವಿಶೇಷವಾಗಿ ಒಪ್ಪುವಂಥದು. ಬಾಳಿಕೆ ಮಾತ್ರ ಒಂದೆರಡು ತಿಂಗಳು, ಬಿಸಿಲಿನಲ್ಲೇ ನಿಲ್ಲುವ ಕಾರಿಗೆ ಅದಕ್ಕಿಂತಲೂ ಕಡಿಮೆ. ವ್ಯಾಕ್ಸ್ ಹಚ್ಚುವುದನ್ನೇ ಒಂದು ಸುಖವೆಂದು ಭಾವಿಸುವವರಿಗೆ ಇದಕ್ಕೆ ಸಾಟಿಯಿಲ್ಲ.

ಎರಡನೆಯದು ಪಾಲಿಮರ್‌ಗಳಿಂದ ಮಾಡಿದ ಸಿಂಥೆಟಿಕ್ ಸೀಲೆಂಟ್. ಹೊಳಪು ಚೂರು ಗಾಜಿನಂತೆ ತಣ್ಣಗಿರುತ್ತದೆ. ಬಾಳಿಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು. ಬಿಳಿ, ಬೆಳ್ಳಿ ಬಣ್ಣಗಳಿಗೂ ಬಯಲಿನಲ್ಲಿ ನಿಲ್ಲುವ ಕಾರುಗಳಿಗೂ ಇದೇ ತಕ್ಕದ್ದು. ಹಲವು ಸೀಲೆಂಟ್‌ಗಳಿಗೆ ಪೂರ್ತಿ ಗಟ್ಟಿಯಾಗಲು ಅರ್ಧ ದಿನದಿಂದ ಒಂದು ದಿನ ಬೇಕಾಗುವುದರಿಂದ ಅಷ್ಟು ಹೊತ್ತು ಕಾರನ್ನು ನೆನೆಯಲು ಬಿಡಬಾರದು. ಸೀಲೆಂಟ್ ಗಟ್ಟಿಯಾದ ಮೇಲೆ ಅದರ ಮೇಲೆ ಕಾರ್ನೌಬಾ ಹಚ್ಚಬಹುದು. ತಿರುಗುಮುರುಗಾಗಿ ಮಾಡಿದರೆ ಎಣ್ಣೆಯಂಶದ ಮೇಲೆ ಸೀಲೆಂಟ್ ಹಿಡಿಯುವುದಿಲ್ಲ.

ಮೂರನೆಯದು ಸಿಲಿಕಾ ಆಧಾರಿತ ಸೆರಾಮಿಕ್ ಕೋಟಿಂಗ್. ಇದು ವರ್ಷಗಟ್ಟಲೆ ಉಳಿಯುತ್ತದೆ, ರಾಸಾಯನಿಕಗಳನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಅದರ ಕೆಳಗೆ ಸಿಕ್ಕಿಕೊಂಡ ಪ್ರತಿ ಗೀರೂ ಅಷ್ಟೇ ಕಾಲ ಉಳಿಯುತ್ತದೆ, ಮತ್ತು ತಪ್ಪಾಗಿ ಹಚ್ಚಿದ್ದನ್ನು ತೆಗೆಯಲು ಮತ್ತೆ ಪಾಲಿಶ್ ಮಾಡಬೇಕಾಗುತ್ತದೆ. ‘9ಎಚ್’ ಎಂಬ ಗುರುತನ್ನು ಕಂಡು ಇನ್ನು ಗೀರೇ ಬೀಳದೆಂದು ನಂಬುವವರಿದ್ದಾರೆ. ಅದು ಬೇರೆ ಬೇರೆ ಗಡಸಿನ ಪೆನ್ಸಿಲ್‌ಗಳಿಂದ ಗೀರಿ ನೋಡುವ ಪರೀಕ್ಷೆಯ ಅಂಕ. ಖನಿಜಗಳ ಗಡಸುತನ ಅಳೆಯುವ ಮಾಪಕಕ್ಕೂ ಅದಕ್ಕೂ ಸಂಬಂಧವಿಲ್ಲ. ಸ್ಪ್ರೇ ವ್ಯಾಕ್ಸ್ ಮತ್ತು ಸೆರಾಮಿಕ್ ಸ್ಪ್ರೇಗಳನ್ನು ಇವುಗಳಿಗೆ ಬದಲಿಯೆಂದು ಎಣಿಸದೆ, ಎರಡು ದೊಡ್ಡ ಸರದಿಗಳ ನಡುವಿನ ಮರುಪೂರಣವೆಂದು ಎಣಿಸುವುದು ಒಳ್ಳೆಯದು.

ಆರನೆಯ ಹಂತ: ಹಚ್ಚುವುದು, ಒರೆಸುವುದು

ಕಾರು ನೆರಳಿನಲ್ಲಿದ್ದು, ತಗಡು ಮುಟ್ಟಿದರೆ ತಂಪಾಗಿರಬೇಕು. ಬಣ್ಣ ಹಚ್ಚದ ಕಪ್ಪು ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಮೊದಲು ಟೇಪ್ ಅಂಟಿಸಬೇಕು, ಏಕೆಂದರೆ ಅವುಗಳ ಸಂದಿಗಳಲ್ಲಿ ಕುಳಿತು ಒಣಗಿದ ವ್ಯಾಕ್ಸ್‌ನ ಬಿಳಿ ಕಲೆ ಸುಲಭಕ್ಕೆ ಬಿಡುವುದಿಲ್ಲ. ವ್ಯಾಕ್ಸನ್ನು ಸ್ಪಾಂಜಿಗೆ ತೋರಿಸಿ ತೆಗೆದಷ್ಟು ಕಡಿಮೆ ತೆಗೆದುಕೊಂಡು, ಹಚ್ಚಿದ್ದು ಕಂಡೂ ಕಾಣದಂತೆ ತೆಳುವಾಗಿ ಹರಡಬೇಕು. ದಪ್ಪಗೆ ಬಳಿದರೆ ರಕ್ಷಣೆ ಹೆಚ್ಚುವುದಿಲ್ಲ. ಬಣ್ಣಕ್ಕೆ ಅಂಟುವುದು ಕೆಳಗಿನ ತೆಳು ಪದರ ಮಾತ್ರ, ಉಳಿದದ್ದೆಲ್ಲ ಒರೆಸುವ ಬಟ್ಟೆಯ ಪಾಲಾಗುತ್ತದೆ.

ಒರೆಸುವ ಸಮಯವನ್ನು ಗಡಿಯಾರಕ್ಕಿಂತ ಬೆರಳು ಚೆನ್ನಾಗಿ ಹೇಳುತ್ತದೆ. ವ್ಯಾಕ್ಸ್ ಮಬ್ಬುಗಟ್ಟಿದ ಮೇಲೆ ಶುಭ್ರವಾದ ಬೆರಳನ್ನು ಅದರ ಮೇಲೆ ಒಮ್ಮೆ ಎಳೆದಾಗ ಹೊಳೆಯುವ ಸ್ವಚ್ಛ ಗೆರೆ ಬಿದ್ದರೆ ಒರೆಸಬಹುದು. ಎಣ್ಣೆ ಸವರಿದಂತೆ ಕಲಸಿದರೆ ಇನ್ನೂ ಕಾಯಬೇಕು. ಮಬ್ಬುಗಟ್ಟುವ ಮುನ್ನವೇ ಒರೆಸಬೇಕಾದ ವ್ಯಾಕ್ಸ್‌ಗಳೂ ಇರುವುದರಿಂದ ಡಬ್ಬಿಯ ಸೂಚನೆಯನ್ನು ಓದದೆ ಶುರು ಮಾಡಬಾರದು. ಒರೆಸಲು ದಟ್ಟವಾದ ಮೈಕ್ರೋಫೈಬರ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿಕೊಂಡು, ಒಂದು ಮಗ್ಗುಲು ತುಂಬಿದೊಡನೆ ಇನ್ನೊಂದಕ್ಕೆ ತಿರುಗಿಸುತ್ತ ಹೋಗಬೇಕು. ಈ ಬಟ್ಟೆಗಳನ್ನು ಬೇರೆ ಬಟ್ಟೆಗಳೊಂದಿಗೆ ಒಗೆಯಬಾರದು, ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬಾರದು.

ಪಾಲಿಶ್ ಅಥವಾ ವ್ಯಾಕ್ಸ್ ಬೇಡವಾದ ಕಾರುಗಳು

ಮ್ಯಾಟ್ ಪೇಂಟ್ ಇರುವ ಕಾರಿಗೆ ಪಾಲಿಶ್, ಸಾಧಾರಣ ವ್ಯಾಕ್ಸ್ ಎರಡೂ ವರ್ಜ್ಯ. ಉಜ್ಜಿದ ಜಾಗ ಹೊಳೆಯತೊಡಗಿದರೆ ಅದನ್ನು ಮತ್ತೆ ಮ್ಯಾಟ್ ಮಾಡುವ ದಾರಿಯಿಲ್ಲ, ಅದಕ್ಕೆಂದೇ ಇರುವ ಸಾಮಗ್ರಿಗಳನ್ನೇ ಬಳಸಬೇಕು. ಗ್ಯಾರೇಜಿನಲ್ಲಿ ಹೊಸದಾಗಿ ಪೇಂಟ್ ಮಾಡಿಸಿದ ಭಾಗದಿಂದ ದ್ರಾವಕಗಳು ಕೆಲವು ವಾರಗಳವರೆಗೆ ಆವಿಯಾಗುತ್ತಲೇ ಇರುವುದರಿಂದ, ಪೇಂಟ್ ಮಾಡಿದವರು ಹೇಳುವಷ್ಟು ಕಾಲ, ಸಾಮಾನ್ಯವಾಗಿ 30ರಿಂದ 90 ದಿನ, ವ್ಯಾಕ್ಸ್ ಅಥವಾ ಸೀಲೆಂಟ್‌ನಿಂದ ಅದನ್ನು ಮುಚ್ಚಬಾರದು. ಮುಂದೆ ಪೇಂಟ್ ಮಾಡಿಸಲಿರುವ ಭಾಗದ ಬಳಿ ಸಿಲಿಕೋನ್ ಇರುವ ಪಾಲಿಶ್ ಸುಳಿಯಬಾರದು. ಅದರ ಲೇಶ ಉಳಿದರೂ ಹೊಸ ಪೇಂಟ್ ಮೀನಿನ ಕಣ್ಣಿನಂತಹ ಗುಳಿಗಳಾಗಿ ಒಡೆಯುತ್ತದೆ.

ಮುಂದಿನ ಆರೈಕೆ

ಹಚ್ಚಿದ ವ್ಯಾಕ್ಸ್ ಉಳಿಯಬೇಕಾದರೆ ಪಾತ್ರೆ ತೊಳೆಯುವ ಸೋಪನ್ನು ಕಾರಿನಿಂದ ದೂರವಿಟ್ಟು, ಪಿಎಚ್ 7ರ ಆಸುಪಾಸಿನ ಕಾರ್ ಶಾಂಪೂ ಬಳಸಬೇಕು. ಎರಡು ಬಕೆಟ್ ಇಟ್ಟುಕೊಂಡು, ಕೊಳೆಯಾದ ಸ್ಪಾಂಜನ್ನು ಒಂದರಲ್ಲಿ ಜಾಲಿಸಿದ ಮೇಲೆಯೇ ಇನ್ನೊಂದರ ಶಾಂಪೂ ನೀರಿನಲ್ಲಿ ಅದ್ದಿದರೆ ಹೊಸ ಸ್ವರ್ಲ್ ಮಾರ್ಕ್ ಬೀಳುವುದು ಬಹಳ ಕಡಿಮೆಯಾಗುತ್ತದೆ, ಪಾಲಿಶ್‌ನ ಅಗತ್ಯವೇ ವರ್ಷಗಳಷ್ಟು ಮುಂದಕ್ಕೆ ಹೋಗುತ್ತದೆ. ವ್ಯಾಕ್ಸ್ ಮೇಲಿನ ನೀರು ಗುಂಡನೆಯ ಮಣಿಗಳಾಗಿ ನಿಲ್ಲುವುದು ಚೆಂದವಾದರೂ, ಗಡಸು ನೀರಾದರೆ ಪ್ರತಿ ಮಣಿಯೂ ಆರಿದಲ್ಲಿ ಒಂದು ಉಂಗುರ ಬಿಡುತ್ತದೆ, ತೊಳೆದೊಡನೆ ಒರೆಸಬೇಕು. ದಿನಗಳೆದಂತೆ ಮಣಿಗಳು ಚಪ್ಪಟೆಯಾಗಿ ನೀರು ಹಾಳೆಯಂತೆ ಹರಡತೊಡಗಿದರೆ ವ್ಯಾಕ್ಸ್ ಸವೆದಿರಬಹುದು, ಇಲ್ಲವೇ ಅದರ ಮೇಲೆ ಧೂಳಿನ ಜಿಡ್ಡು ಕಟ್ಟಿರಬಹುದು. ಡಬ್ಬಿ ತೆರೆಯುವ ಮುನ್ನ ಶಾಂಪೂ ಹಾಕಿ ಒಮ್ಮೆ ತೊಳೆದು, ಬರಿ ನೀರು ಸುರಿದು ನೋಡಬೇಕು. ಮಣಿಗಳು ಮತ್ತೆ ಕಟ್ಟಿದರೆ ಈ ತಿಂಗಳು ವ್ಯಾಕ್ಸ್ ಬೇಕಾಗಿಲ್ಲ.